ಕತ್ತಲೆಗೆ ಹೆದರುತ್ತಿದ್ದ ಜಲಜಕ್ಕ

ಸಂಜೆ ಆರೂವರೆಯಾಯಿತೆಂದರೆ ಜಲಜಕ್ಕನ ಮನೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು. ಅಡುಗೆಮನೆ, ಬಚ್ಚಲು, ಹಿತ್ತಲಿನ ಬಾವಿಕಟ್ಟೆ, ಯಾರೂ ಮಲಗದ ಕೋಣೆ, ಕೊನೆಗೆ ಮೆಟ್ಟಿಲ ಕೆಳಗೆ ಪೊರಕೆ ಇಡುವ ಗೂಡಿನಲ್ಲೂ ಒಂದು ಬಲ್ಬು. ಮುಂಬಾಗಿಲಿಗೆ ಎರಡು ಚಿಲಕ, ಅದರ ಹೊರಗೆ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಅಂಗೈಯಗಲದ ಬೀಗ. ಬೀಗ ಹಾಕಿ ಒಮ್ಮೆ ಎಳೆದು ನೋಡುವರು. ಒಳಗೆ ಹೋಗಿ, ಸಮಾಧಾನವಾಗದೆ, ಮತ್ತೆ ಬಂದು ಎಳೆದು ನೋಡುವರು. ನಾಯಿಗೆ ಹೆದರುತ್ತಿದ್ದರು, ಗುಡುಗಿಗೆ ಹೆದರುತ್ತಿದ್ದರು, ಗ್ಯಾಸ್ ಸಿಲಿಂಡರಿಗೆ, ಲಿಫ್ಟಿಗೆ, ಬಾವಲಿಗೆ, ಸಮುದ್ರಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನಿಗೆ ಹೆದರುತ್ತಿದ್ದರು. ಅಷ್ಟು ಹೆದರುವ ಮನುಷ್ಯರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮತ್ತು ಈ ಹೆಂಗಸು ಬಿಡುವಿದ್ದಾಗಲೆಲ್ಲ ಮಾಡುತ್ತಿದ್ದ ಕೆಲಸ ಏನೆಂದರೆ, ಆಕಾಶದಲ್ಲಿ ಬರಿಗಣ್ಣಿಗೆ ಎಂದೂ ಕಾಣದ, ಅತ್ಯಂತ ಮಸುಕಾದ ನೀಹಾರಿಕೆಗಳ ಫೋಟೊ ತೆಗೆಯುವುದು.

ನಾವು ಗದಗಿನ ಕಡೆಯವರು. ಬ್ಯಾಂಕಿನ ಕೆಲಸದಲ್ಲಿ ನನಗೆ ಉಡುಪಿಗೆ ವರ್ಗವಾದಾಗ ಅಂಬಲಪಾಡಿಯಲ್ಲಿ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ನಾನು, ಹೆಂಡತಿ ಶೈಲಾ, ಇಬ್ಬರೇ. ಕೆಳಗೆ ಜಲಜಕ್ಕ ಒಬ್ಬರೇ. ಮದುವೆಯಾಗಿರಲಿಲ್ಲ. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಪ್ರಜ್ಞೆ ತಪ್ಪಿಸಿ ಮಲಗಿಸುವ ಕಡೆ ಅನಸ್ತೇಶಿಯಾ ಟೆಕ್ನೀಶಿಯನ್ ಆಗಿದ್ದು ನಿವೃತ್ತರಾದವರು ಎಂದಷ್ಟು ಗೊತ್ತಿತ್ತು. ಮೊದಲ ವಾರ ಅವರು ನಮ್ಮೊಡನೆ ಆಡಿದ ಮಾತೆಲ್ಲ ಎಚ್ಚರಿಕೆಯದೇ: "ಬಾವಿಯ ಹತ್ತಿರ ಪಾಚಿ ಉಂಟು, ಜಾಗ್ರತೆ." "ರಾತ್ರಿ ಯಾರು ಕರೆದರೂ ಬಾಗಿಲು ತೆಗೀಬೇಡಿ." "ಮಿಂಚು ಬಂದರೆ ಕಿಟಕಿಯ ಸರಳು ಮುಟ್ಟಬೇಡಿ."

ಆ ವಾರದ ಕೊನೆಗೆ ಒಂದು ಸಂಜೆ, ನಾವು ಊಟಕ್ಕೆ ಕೂತಿದ್ದಾಗ, ತಲೆಯ ಮೇಲಿನ ತಾರಸಿಯಿಂದ ಏನೋ ಗುಂಯ್ ಎನ್ನುವ ಸದ್ದು ಬಂತು. ನಿಂತಿತು. ಮತ್ತೆ ಬಂತು. ಶೈಲಾ ತುತ್ತನ್ನು ಕೈಯಲ್ಲೇ ಹಿಡಿದು, "ರೀ, ಮ್ಯಾಲ ಯಾರೋ ಅದಾರ," ಎಂದಳು. ನಾನು ಧೈರ್ಯಸ್ಥನೆಂದು ನನ್ನ ನಂಬಿಕೆ. ಶೈಲಾ ಲಟ್ಟಣಿಗೆ ಹಿಡಿದುಕೊಂಡು ಹಿಂದೆ ಬಂದಳು. ತಾರಸಿಯ ಬಾಗಿಲು ತೆಗೆದರೆ ಅಲ್ಲಿ ಯಾರೂ ಇಲ್ಲ. ನಡುವೆ ಮೂರು ಕಾಲಿನ ಮೇಲೆ ಒಂದು ಬಿಳಿಯ ಕೊಳವೆ, ಅದಕ್ಕೆ ಸುತ್ತಿಕೊಂಡ ವೈರುಗಳು, ಒಂದು ಚಿಕ್ಕ ಕೆಂಪು ದೀಪ. ಯಾರೂ ಮುಟ್ಟದೆಯೇ ಆ ಕೊಳವೆ ಕೂದಲೆಳೆಯಷ್ಟು ತಿರುಗಿ ನಿಂತಿತು. ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ನಾನು ಎರಡು ಹೆಜ್ಜೆ ಮುಂದಿಟ್ಟೆನೋ ಇಲ್ಲವೋ, ಕೆಳಗಿನ ಮನೆಯಿಂದ ಕಿರುಚು ಕೇಳಿತು: "ಯಾರದು? ಯಾರದು ಮೇಲೆ? ನಾನು ಪೊಲೀಸಿಗೆ ಫೋನ್ ಮಾಡ್ತೇನೆ!"

"ನಾನ್ರೀ ಅಕ್ಕಾರ, ಮಂಜುನಾಥ!"

"ಅಯ್ಯೋ ದೇವರೇ! ಗ್ರಾಫ್ ಹಾರಿತು. ಕಳ್ಳರು ಅಂತ ಮಾಡಿದೆ!"

ಕೆಳಗೆ ಇಳಿದು ಹೋದರೆ ಗ್ರಿಲ್ಲಿನ ಹಿಂದೆ ಜಲಜಕ್ಕ ಬೆಳ್ಳಗಾಗಿ ನಿಂತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತಲೆಗೂದಲು ಒಣಗಿಸುವ ಡ್ರೈಯರು. ನಮ್ಮ ಶೈಲಾಳ ಕೈಯಲ್ಲಿ ಲಟ್ಟಣಿಗೆ. ಪರಸ್ಪರ ಹೆದರಿ ನಿಂತ ಆ ಹೊತ್ತಿನಲ್ಲಿ ನಮ್ಮ ಗುರುತು ಆಯಿತು.

ಆ ದಿನ ಮೊದಲ ಸಲ ಗ್ರಿಲ್ಲು ತೆರೆದು ಒಳಗೆ ಕರೆದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಒಂದು ಕೆಂಪು, ಒಂದು ನೀಲಿ ಗೆರೆ ಸಣ್ಣಗೆ ನಡುಗುತ್ತ ಓಡುತ್ತಿದ್ದವು. ಮೇಲಿನ ದೂರದರ್ಶಕ ಒಂದೇ ನಕ್ಷತ್ರವನ್ನು ಬಿಡದೆ ಹಿಂಬಾಲಿಸಬೇಕು. ಅದು ಎಷ್ಟು ಅಲುಗಿತೆಂದು ಆ ಗೆರೆಗಳು ಹೇಳುತ್ತವೆ. ನನ್ನ ಹೆಜ್ಜೆಗೆ ಅವು ಹಾರಿದ್ದವು. ಡ್ರೈಯರು ಕರಾವಳಿಯ ಇಬ್ಬನಿಗಾಗಿ. ಗಾಜಿನ ಮೇಲೆ ಮಂಜು ಕೂತಾಗ ಮೇಲೆ ಓಡಿ, ಗಾಳಿ ಊದಿ, ಓಡಿ ಬರುವುದು. ಕತ್ತಲೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಲು ಅವರಿಂದ ಆಗುತ್ತಿರಲಿಲ್ಲ. ದೂರದರ್ಶಕ ಆಸ್ಪತ್ರೆಯ ಡಾಕ್ಟರೊಬ್ಬರು ಗಲ್ಫಿಗೆ ಹೋಗುವಾಗ ಮಾರಿದ ಸಾಮಾನು. "ಮೂವತ್ತು ವರ್ಷ ಮಾನಿಟರ್ ನೋಡಿದವಳು ನಾನು. ನಿವೃತ್ತಿ ಆದ ಮೇಲೆ ಸಂಜೆಯಾದರೆ ನೋಡಲಿಕ್ಕೆ ಗೆರೆ ಬೇಕಲ್ಲ ಮಾರಾಯ್ರೇ," ಎಂದರು.

"ಈ ಊರ ತುಂಬ ಲೈಟ್ ಅದಾವಲ್ರೀ, ಚುಕ್ಕಿ ಹೆಂಗ ಕಾಣ್ತಾವು?" ಎಂದು ಶೈಲಾ ಕೇಳಿದಳು. ಅತ್ತ ಹೆದ್ದಾರಿಯ ದೀಪ, ಇತ್ತ ಹೊಸ ಕಟ್ಟಡದ ಫ್ಲಡ್‌ಲೈಟು. ಆಕಾಶ ಮಜ್ಜಿಗೆಯ ಬಣ್ಣಕ್ಕಿತ್ತು.

ಜಲಜಕ್ಕ ಒಂದು ಪುಟ್ಟ ಡಬ್ಬಿಯಿಂದ ಗುಂಡನೆಯ ಗಾಜೊಂದನ್ನು ಅಂಚಿನಲ್ಲಿ ಹಿಡಿದು ತೋರಿಸಿದರು. ಕನ್ನಡಿಯ ಹಾಗೆ ಹೊಳೆಯಿತು. "ಇದು ನ್ಯಾರೋಬ್ಯಾಂಡ್ ಫಿಲ್ಟರ್. ಆಪರೇಶನ್ ಥಿಯೇಟರಿನೊಳಗೆ ಹತ್ತು ಜನ ಮಾತಾಡ್ತಾ ಇರ್ತಾರೆ, ಪಾತ್ರೆ ಬೀಳ್ತದೆ, ಯಾರೋ ಹಾಡು ಹೇಳ್ತಾರೆ. ನಾನು ಕೇಳುವುದು ಒಂದೇ ಶಬ್ದ, ರೋಗಿಯ ಎದೆಯದ್ದು. ಇದೂ ಹಾಗೇ. ಹೈಡ್ರೋಜನ್ ಬಿಡುವ ಒಂದು ಕೆಂಪು ಬೆಳಕು ಉಂಟು, ಅದನ್ನು ಮಾತ್ರ ಒಳಗೆ ಬಿಡ್ತದೆ. ಬೀದಿದೀಪ ಎಷ್ಟು ಬೊಬ್ಬೆ ಹೊಡೆದರೂ ಇದಕ್ಕೆ ಕೇಳುವುದಿಲ್ಲ." ಆಮ್ಲಜನಕಕ್ಕೆ ಬೇರೆ ಗಾಜು, ಗಂಧಕಕ್ಕೆ ಬೇರೆ. ಅಷ್ಟು ಕಡಿಮೆ ಬೆಳಕು ಬರುವುದರಿಂದ ಒಂದೊಂದು ಫ್ರೇಮಿಗೂ ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಕಾದರೂ ಬರುವುದು ಕರಿಯ ಹಾಳೆಯೇ. ಅಂಥ ಹಾಳೆಗಳನ್ನು ಎಷ್ಟೋ ಸಂಜೆ ಕೂಡಿಹಾಕಿ ಒಂದರ ಮೇಲೊಂದು ಸೇರಿಸಿದರೆ, ಇದ್ದದ್ದು ಮೆಲ್ಲಗೆ ಮೇಲೆ ಬರುತ್ತದೆ.

ಆ ಚಳಿಗಾಲದಲ್ಲಿ ಅವರು ಹಿಡಿದಿದ್ದು ವೃಷಭ ರಾಶಿಯ ಕೊಂಬಿನ ತುದಿಯ ಹತ್ತಿರದ ಒಂದು ನೀಹಾರಿಕೆ. ಎಷ್ಟೋ ಸಾವಿರ ವರ್ಷಗಳ ಹಿಂದೆ ಒಡೆದು ಸತ್ತ ನಕ್ಷತ್ರದ ಅವಶೇಷ. ಆರು ಹುಣ್ಣಿಮೆಯ ಚಂದ್ರರನ್ನು ಸಾಲಾಗಿಟ್ಟಷ್ಟು ಅಗಲ. "ದಿನಾ ತಲೆಯ ಮೇಲೆ ಬರ್ತದೆ ಗೊತ್ತುಂಟಾ? ಅಷ್ಟು ದೊಡ್ಡದು! ಯಾರಿಗೂ ಕಾಣುವುದಿಲ್ಲ," ಎಂದು ಅವರು ಸೂರಿನತ್ತ ನೋಡಿ ಧ್ವನಿ ತಗ್ಗಿಸಿದರು, ಅದಕ್ಕೆ ಕೇಳಿಸಬಾರದು ಎನ್ನುವ ಹಾಗೆ. "ಹೆದರಿಕಿ ಆಗೂದಿಲ್ಲೇನ್ರೀ ಹಂಗಾದ್ರ?" ಎಂದು ನಾನು ನಕ್ಕೆ. ಅವರು ನಗಲಿಲ್ಲ. "ಆಗ್ತದೆ. ಅದಕ್ಕೇ ತೆಗೀತೇನೆ. ಉಂಟು ಅಂತ ಗೊತ್ತಾದ ಮೇಲೆ ನೋಡದೆ ಇದ್ದರೆ ಇನ್ನೂ ಹೆದರಿಕೆ."

ಅವರ ಹೆದರಿಕೆಯ ಬೇರು ಎಲ್ಲಿದೆಯೆಂದು ಒಂದು ಭಾನುವಾರ ಕಾಪುವಿನಲ್ಲಿ ಸ್ವಲ್ಪ ತಿಳಿಯಿತು. ಅದು ಅವರು ಹುಟ್ಟಿದ ಊರು. ಶೈಲಾಳಿಗೆ ಲೈಟ್‌ಹೌಸು ತೋರಿಸುತ್ತೇನೆಂದು ಕರೆದುಕೊಂಡು ಹೋದರು. ನಾವು ನೀರಿಗೆ ಇಳಿದೆವು. ಅವರು ಮರಳಿನ ಮೇಲುಗಡೆ, ತೆರೆಗಳಿಗೆ ಬೆನ್ನು ಮಾಡದೆ, ಕೊಡೆ ಹಿಡಿದು ನಿಂತರು. ತಂದೆ ಮೀನಿಗೆ ಹೋಗುತ್ತಿದ್ದವರು. ಸಮುದ್ರದಲ್ಲಿ ಏನಾದರೂ ಆಯಿತೇ ಎಂದು ನಾನು ಮೆಲ್ಲಗೆ ಕೇಳಿದೆ.

"ಏನೂ ಆಗಲಿಲ್ಲ ಮಾರಾಯ. ಅಪ್ಪ ಪ್ರತಿ ಸಲವೂ ಬಂದರು. ಎಂಬತ್ತು ದಾಟಿ ಮನೆಯಲ್ಲೇ ಹೋದರು," ಎಂದರು. "ಆದರೆ ರಾತ್ರಿ ನಮ್ಮ ಗೋಡೆಯ ಮೇಲೆ ಲೈಟ್‌ಹೌಸಿನ ಬೆಳಕು ಬಂದು ಹೋಗ್ತಿತ್ತು. ಬಂದಾಗ ಅಪ್ಪ ಬದುಕಿದ್ದಾರೆ, ಹೋದಾಗ ಗೊತ್ತಿಲ್ಲ. ಹಾಗೆ ಅನ್ನಿಸ್ತಿತ್ತು. ನಡುವಿನ ಕತ್ತಲೆ ಮುಗಿಯುವವರೆಗೆ ಉಸಿರು ಹಿಡೀತಿದ್ದೆ. ಏನೂ ಆಗದೆ ಇದ್ದರೂ ಹೆದರಿಕೆ ಕಲಿಯಬಹುದು."

ಜನವರಿ ಕಳೆಯುವಷ್ಟರಲ್ಲಿ ಅವರು ನನ್ನನ್ನು 'ನೀನು' ಎನ್ನಲು ಶುರುಮಾಡಿದ್ದರು. ಶೈಲಾ ಮಾಡಿದ ಜೋಳದ ರೊಟ್ಟಿಗೆ ಮೀನು ಸಾರು ಹಚ್ಚಿ ತಿಂದು, "ಎಂತದು ಮಾರಾಯ್ತಿ, ಚಪ್ಪಡಿ ಕಲ್ಲಿನ ಹಾಗೆ ಉಂಟು," ಎಂದು ಬೈದು ಇನ್ನೊಂದು ಕೇಳುವರು. ಆದರೆ ದಿನೇ ದಿನೇ ಸೊರಗುತ್ತಿದ್ದರು. ರವಿಕೆ ಸಡಿಲವಾಗಿತ್ತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಎಡಸೊಂಟವನ್ನು ಹಿಡಿದುಕೊಳ್ಳುವರು. ಸಾಮಾನು ಮೇಲೆ ಸಾಗಿಸುವ ಕೆಲಸ ನನ್ನದಾಯಿತು. "ವಾಯು," ಎನ್ನುತ್ತಿದ್ದರು. ಇಷ್ಟೆಲ್ಲಕ್ಕೂ ಹೆದರುವವರು ತಮ್ಮ ಮೈಯ ಬಗ್ಗೆ ಮಾತ್ರ ಎಂದೂ ಹೆದರಿಕೆ ತೋರಿಸಲಿಲ್ಲ. ಅದು ನನಗೆ ವಿಚಿತ್ರ ಎನ್ನಿಸಬೇಕಿತ್ತು. ಶೈಲಾಳಿಗೆ ಅನ್ನಿಸಿತ್ತು.

ಹೈಡ್ರೋಜನ್ನಿನ ಬೆಳಕು ಅಂಬಲಪಾಡಿಯ ತಾರಸಿಯಿಂದಲೇ ಸಾಕಷ್ಟು ಸಿಕ್ಕಿತು. ಆಮ್ಲಜನಕದ್ದು ಇನ್ನೂ ಮಸುಕು. ಅದಕ್ಕೆ ಊರ ದೀಪ ಕಡಿಮೆ ಇರುವ ಜಾಗ ಬೇಕು, ಚಂದ್ರನೂ ಇರಬಾರದು. ಜಲಜಕ್ಕನ ತಂಗಿ ವನಜ ಕಾರ್ಕಳದ ಹೊರಗೆ ಗಂಡ ಸುಧಾಕರಣ್ಣನೊಂದಿಗೆ ಇದ್ದರು. ಅವರ ಮನೆಯ ಹಿಂದೆ ದೊಡ್ಡ ಬೋಳು ಬಂಡೆ, ಆನೆಯ ಬೆನ್ನಿನ ಹಾಗೆ. ಫೆಬ್ರವರಿಯ ಅಮಾವಾಸ್ಯೆಯ ಹೊತ್ತಿಗೆ ಅಲ್ಲಿಗೆ ಹೋಗುವುದೆಂದು ನಾನು, ಜಲಜಕ್ಕ ಕಾರಿನಲ್ಲಿ ಹೊರಟೆವು. ಶೈಲಾ ಊರಿಗೆ ಹೋಗಿ ಬಂದ ಆಯಾಸಕ್ಕೆ ಮನೆಯಲ್ಲೇ ಉಳಿದಳು.

ವನಜಕ್ಕನ ಮನೆಯಲ್ಲಿ ಕಾಫಿ ಕುಡಿಯುವಾಗಲೇ ಸುಧಾಕರಣ್ಣ ಹೇಳಿದರು: "ಮೊನ್ನೆ ಪಕ್ಕದ ಮನೆಯ ನಾಯಿಯನ್ನು ಚಿರತೆ ಕೊಂಡುಹೋಯ್ತು. ಕಾರಿನ ಹತ್ತಿರವೇ ಇರಿ. ಏನಾದರೂ ಆದರೆ ಫೋನ್ ಮಾಡಿ." ಜಲಜಕ್ಕನ ಮುಖ ನೋಡಿ, ಇನ್ನು ಹೊರಡುವುದಿಲ್ಲ ಎಂದುಕೊಂಡೆ. ಅವರು ಲೋಟ ಕೆಳಗಿಟ್ಟು, "ಈ ತಿಂಗಳು ಬಿಟ್ಟರೆ ಅದು ಪಶ್ಚಿಮಕ್ಕೆ ಇಳೀತದೆ. ಹೋಗುವ," ಎಂದರು.

ಬಂಡೆಯ ಮೇಲೆ ಕಾರು ಹತ್ತಿಸಿ, ಅದರ ಮೂತಿಯಿಂದ ನಾಲ್ಕು ಮಾರು ದೂರದಲ್ಲಿ ದೂರದರ್ಶಕ ನಿಲ್ಲಿಸಿದೆವು. ಕತ್ತಲೆಯೆಂದರೆ ಅಂಥ ಕತ್ತಲೆಯನ್ನು ನಾನು ಬಯಲುಸೀಮೆಯಲ್ಲೂ ಕಂಡವನಲ್ಲ. ಕೆಳಗಡೆ ಕಾಡು, ನಡುವೆ ಎಲ್ಲೋ ವನಜಕ್ಕನ ಮನೆಯ ಒಂದು ದೀಪ. ಜಲಜಕ್ಕ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡೇ ಕೆಲಸ ಮಾಡಿದರು. ಆಮ್ಲಜನಕದ ಗಾಜು ಹಾಕಿ, ನಕ್ಷತ್ರ ಹಿಡಿದು, ಮೊದಲ ಫ್ರೇಮು ಶುರುವಾಯಿತು. ಎಂಟು ಗಂಟೆಯೂ ಆಗಿರಲಿಲ್ಲ. ಕೆಳಗಿನ ಮನೆಗಳ ನಾಯಿಗಳು ಬೊಗಳುತ್ತಿದ್ದವು.

ಇದ್ದಕ್ಕಿದ್ದಂತೆ ಎಲ್ಲ ನಾಯಿಗಳೂ ಒಟ್ಟಿಗೆ ಸುಮ್ಮನಾದವು.

ಆಮೇಲೆ ಆ ಸದ್ದು. ಒಣಮರವನ್ನು ಯಾರೋ ನಿಧಾನವಾಗಿ ಗರಗಸದಿಂದ ಕೊಯ್ದ ಹಾಗೆ. ಬಂಡೆಯ ಕೆಳಗಿನಿಂದ. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಹತ್ತಿರದಿಂದ.

ಕಾರಿನೊಳಗೆ ಹೇಗೆ ಹೊಕ್ಕೆವೋ ನೆನಪಿಲ್ಲ. ಗಾಜು ಏರಿಸಿ, ಬಾಗಿಲಿನ ಗುಂಡಿ ಒತ್ತಿ, ಉಸಿರು ಬಿಡಲೂ ಹೆದರಿ ಕೂತೆವು. ಜಲಜಕ್ಕ ಲ್ಯಾಪ್‌ಟಾಪನ್ನು ಎದೆಗವಚಿಕೊಂಡಿದ್ದರು. ಸುಧಾಕರಣ್ಣನಿಗೆ ಫೋನು ಮಾಡಿ ಪಿಸುಗುಟ್ಟಿದೆ. ನಾಲ್ಕು ಜನರನ್ನು ಸೇರಿಸಿಕೊಂಡು ಬರುತ್ತೇನೆ, ಹೊರಗೆ ಇಳಿಯಬೇಡಿ ಎಂದರು. ನಾನು ಹೆಡ್‌ಲೈಟಿನ ಗುಂಡಿಗೆ ಕೈ ಹಾಕಿದೆ. ಜಲಜಕ್ಕ ತಟ್ಟನೆ ನನ್ನ ಕೈ ಹಿಡಿದರು.

"ಬೇಡ! ಫ್ರೇಮ್ ನಡೀತಾ ಉಂಟು."

"ಅಕ್ಕಾರ, ಹುಲಿ ಬಂದೈತಿ ಹೊರಗ!"

"ಚಿರತೆ ಅದು. ಲೈಟ್ ಹಾಕಬೇಡ."

ಪೊರಕೆಯ ಗೂಡಿಗೂ ದೀಪ ಹಾಕಿಸಿದವರು ಹೇಳಿದ ಮಾತು ಇದು. ನಾನು ಕೈ ಹಿಂದೆ ತೆಗೆದೆ. ಪರದೆಯ ಬೆಳಕನ್ನು ಸೆರಗಿನಿಂದ ಮುಚ್ಚಿ, ಸಂದಿಯಿಂದ ಇಬ್ಬರೂ ಆ ಎರಡು ಗೆರೆಗಳನ್ನು ನೋಡುತ್ತ ಕೂತೆವು. ಗೆರೆಗಳು ಸಮವಾಗಿ ಓಡುತ್ತಿದ್ದವು. ಮುಂದಿನ ಗಾಜಿನಾಚೆ ಏನೂ ಕಾಣುತ್ತಿರಲಿಲ್ಲ. ಒಂದು ಕ್ಷಣ ಕೆಂಪು ಗೆರೆ ಮೇಲಕ್ಕೆ ಹಾರಿತು, ಕೆಳಕ್ಕೆ ಬಿತ್ತು, ನಡುಗಿತು, ಮತ್ತೆ ಸಮವಾಯಿತು. ಗಾಳಿ ಇರಲಿಲ್ಲ.

ತುಂಬ ಹೊತ್ತಿನ ಮೇಲೆ ಜಲಜಕ್ಕ, ಮುಖವನ್ನು ಪರದೆಯಿಂದ ಎತ್ತದೆ, ಹೇಳಿದರು: "ಮಂಜುನಾಥ, ನನ್ನ ಎಡಗಡೆಯ ಕಿಡ್ನಿಯಲ್ಲಿ ಗೆಡ್ಡೆ ಉಂಟು."

ನಾನು ಪರದೆಯಿಂದ ಕಣ್ಣು ಕಿತ್ತು ಅವರ ಕಡೆ ತಿರುಗಿದೆ.

"ದೀಪಾವಳಿಗೆ ಮುಂಚೆ ಸ್ಕ್ಯಾನ್ ಮಾಡಿದ್ದು. ಬೇಗ ತೆಗೀಬೇಕು ಅಂತ ಹೇಳಿದ್ದಾರೆ. ನಾನು ಹೋಗಲಿಲ್ಲ. ವನಜನಿಗೂ ಹೇಳಲಿಲ್ಲ."

"ಯಾಕ್ರೀ ಅಕ್ಕಾರ?"

"ಕತ್ತರಿಗೆ ಹೆದರಿಕೆ ಅಲ್ಲ. ಮಲಗಲಿಕ್ಕೆ ಹೆದರಿಕೆ." ಅವರ ಧ್ವನಿ ಸಣ್ಣಗಾಯಿತು. "ಮೂವತ್ತು ವರ್ಷ ಟೇಬಲಿನ ತಲೆಯ ಹತ್ತಿರ ನಿಂತವಳು ನಾನು. ಮದ್ದು ಒಳಗೆ ಹೋದ ಕೂಡಲೇ ಮುಖದಿಂದ ಮನುಷ್ಯ ಹೊರಟುಹೋಗ್ತಾನೆ. ಮೂಗು, ಬಾಯಿ ಎಲ್ಲ ಉಂಟು, ಅವ ಇಲ್ಲ. ಎಲ್ಲಿಗೆ ಹೋದ? ಎಚ್ಚರ ಆದ ಮೇಲೆ ಕೇಳಿದರೆ ಗೊತ್ತಿಲ್ಲ ಅಂತಾನೆ. ಅಷ್ಟು ಹೊತ್ತು ಅವನ ಬದಲಿಗೆ ನಾನು ಎಚ್ಚರ ಇರ್ತಿದ್ದೆ. ನನ್ನ ಬದಲಿಗೆ ಯಾರು ಇರ್ತಾರೆ ಹೇಳು?"

ಹೊರಗೆ ಚಿರತೆ, ಒಳಗೆ ಈ ಮಾತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ಕೂತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಟಾರ್ಚುಗಳು, ತಗಡು ಬಡಿಯುವ ಸದ್ದು, ಸುಧಾಕರಣ್ಣನ ಕೂಗು. ಅವರು ಹತ್ತಿ ಬರುವವರೆಗೆ ಜಲಜಕ್ಕ ಆಡಿದ್ದು ಇನ್ನೊಂದೇ ಮಾತು: "ಈ ಫೋಟೊ ಮುಗಿಯಲಿ. ಆಮೇಲೆ ನೋಡುವ."

ನಾನು ಮನೆಗೆ ಬಂದು ಶೈಲಾಳಿಗೆ ಹೇಳಿದೆ. ಬೆಳಗಾಗುವುದನ್ನೇ ಕಾದು ಅವಳು ಕೆಳಗಿಳಿದಳು. ಹಿಂದೆಯೇ ನಾನೂ ಹೋದೆ.

"ಅಕ್ಕಾರ, ಆ ಚುಕ್ಕಿ ಸತ್ತು ಸಾವಿರಾರು ವರ್ಷ ಆಗೇತಿ ಅಂತೀರಿ. ಅದಕ್ಕೇನ್ ಅವಸರ? ಮುಂದಿನ ವರ್ಷಾನೂ ಅಲ್ಲೇ ಇರ್ತೈತಿ. ನೀವು ಇರಬೇಕಲ್ರೀ?"

ಜಲಜಕ್ಕ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. "ಬಾಡಿಗೆಯವರು ಬಾಡಿಗೆಯವರ ಹಾಗೆ ಇರಬೇಕು," ಎಂದು ಗ್ರಿಲ್ಲು ಎಳೆದು ಬೀಗ ಹಾಕಿಕೊಂಡರು. ಎರಡು ದಿನ ಮಾತಿಲ್ಲ. ಶೈಲಾ ಜಗ್ಗಲಿಲ್ಲ. ಅಡುಗೆಯ ತರಕಾರಿಯನ್ನೆಲ್ಲ ತಂದು ಗ್ರಿಲ್ಲಿನ ಹೊರಗೆ ಮೆಟ್ಟಿಲ ಮೇಲೆ ಕೂತು ಹೆಚ್ಚಿದಳು, ಅಲ್ಲೇ ಕೂತು ಊರಿನ ಸುದ್ದಿಯನ್ನು ಗಟ್ಟಿಯಾಗಿ ಒಬ್ಬಳೇ ಹೇಳಿಕೊಂಡಳು. ಮೂರನೆಯ ಬೆಳಿಗ್ಗೆ ಒಳಗಿನಿಂದ ಧ್ವನಿ ಬಂತು: "ಶೈಲಾ, ಬೆಂಡೆಕಾಯಿ ಅಷ್ಟು ಸಣ್ಣ ಕೊಚ್ಚಬಾರದು, ಲೋಳೆ ಬಿಡ್ತದೆ." ಬೀಗ ತೆರೆಯಿತು. ಜಲಜಕ್ಕ ಹೊಸ್ತಿಲಲ್ಲೇ ಕೂತು, ಸೆರಗಿನಲ್ಲಿ ಮುಖ ಮುಚ್ಚಿ, ತುಂಬ ಹೊತ್ತು ಅತ್ತರು. ಆಮೇಲೆ ಮಣಿಪಾಲಕ್ಕೆ ಫೋನು ಮಾಡಿ ತಾವೇ ದಿನ ಗೊತ್ತುಮಾಡಿಕೊಂಡರು.

ಆ ದಿನ ಬೆಳಿಗ್ಗೆ ಆಸ್ಪತ್ರೆಯ ಹಸಿರು ಗೌನಿನಲ್ಲಿ ಅವರು ಸಣ್ಣ ಹುಡುಗಿಯ ಹಾಗೆ ಕಾಣುತ್ತಿದ್ದರು. ವನಜಕ್ಕ ಮೂಲೆಯಲ್ಲಿ ಜಪ ಮಾಡುತ್ತಿದ್ದರು. ದಾರಿಯಲ್ಲಿ ಹೋಗುವ ಹಳೆಯ ಸಹೋದ್ಯೋಗಿಗಳು, "ಏನು ಜಲಜ ಮೇಡಂ, ನೀವೂ ಹೆದರುವುದಾ?" ಎಂದು ತಮಾಷೆ ಮಾಡಿದರು. ಜಲಜಕ್ಕನ ಹಲ್ಲು ಕಟಕಟ ಎನ್ನುತ್ತಿದ್ದವು.

"ಮಲಗಿಸುವ ಮುಂಚೆ ಎಲ್ಲರಿಗೂ ಹೇಳ್ತಿದ್ದೆ, ಹೆದರಬೇಡಿ, ನಾವಿದ್ದೇವೆ ಅಂತ," ಎಂದರು ನಮಗೆ. "ಸುಳ್ಳು ಹೇಳಿದ್ದಲ್ಲ. ಆದರೆ ಕೇಳುವವರಿಗೆ ಅದರಿಂದ ಎಂತದೂ ಆಗುದಿಲ್ಲ ಅಂತ ಇವತ್ತು ಗೊತ್ತಾಯ್ತು."

"ಒಳಗ ನಿಮ್ಮ ಹತ್ರ ಯಾರ್ ಇರ್ತಾರ್ರೀ?" ಎಂದು ಶೈಲಾ ಕೇಳಿದಳು.

"ರೇಶ್ಮಾ. ನನ್ನ ಜೊತೆ ಕೆಲಸ ಮಾಡಿದವಳು. ನಾನೇ ಕೇಳಿ ಅವಳನ್ನು ಹಾಕಿಸಿಕೊಂಡದ್ದು. ತುಂಬ ಹೆದರುಪುಕ್ಕಲಿ." ಒಂದು ಕ್ಷಣ ಅವರ ನಡುಕ ನಿಂತಿತು. "ಹೆದರುವವರ ಕೈಗೇ ಕೊಡಬೇಕು. ಹೆದರದವರು ನಡುವೆ ಫೋನ್ ನೋಡ್ತಾರೆ."

ಬಾಗಿಲು ಮುಚ್ಚಿತು. ನಾವು ಹೊರಗೆ ಕೂತೆವು. ಆ ಹೊತ್ತು ಎಷ್ಟಿತ್ತೋ, ಮಧ್ಯಾಹ್ನ ದಾಟಿತ್ತು. ಬಾಗಿಲು ತೆರೆದಾಗಲೆಲ್ಲ ನಾವು ಮೂವರೂ ಏಳುತ್ತಿದ್ದೆವು, ಬೇರೆ ಯಾರದೋ ಹೆಸರು ಕೂಗುತ್ತಿದ್ದರು, ಕೂರುತ್ತಿದ್ದೆವು. ಅಂಥ ಹೆದರಿಕೆಯನ್ನು ನಾನು ಮುಂಚೆ ಪಟ್ಟಿರಲಿಲ್ಲ. ಜಲಜಕ್ಕ ಪ್ರತಿ ಸಂಜೆ ಹೇಗೆ ಬದುಕುತ್ತಿದ್ದರು ಎಂದು ಆಗ ಅರ್ಥವಾಯಿತು. ಕೊನೆಗೆ ರೇಶ್ಮಾ ಎನ್ನುವವರು ತಾವೇ ಹೊರಗೆ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಮುಖವೆಲ್ಲ ಬೆವರು. "ಆಯ್ತು. ಮೇಡಂ ಎದ್ದರು," ಎಂದು ಗೋಡೆಗೆ ಒರಗಿ ನಿಂತರು.

ಸಂಜೆ ನೋಡಲು ಬಿಟ್ಟಾಗ ಜಲಜಕ್ಕ ಒಣಗಿದ ತುಟಿಯಿಂದ ಮೊದಲು ಹೇಳಿದ್ದು: "ಏನೂ ಇರಲಿಲ್ಲ ಮಾರಾಯ. ಕತ್ತಲೆಯೂ ಇರಲಿಲ್ಲ." ಅದು ಸಮಾಧಾನದ ಮಾತೋ ಹೆದರಿಕೆಯ ಮಾತೋ ನನಗೆ ಗೊತ್ತಾಗಲಿಲ್ಲ.

ಜೂನಿನಲ್ಲಿ ಆಕಾಶ ಮುಚ್ಚಿದ ಮೇಲೆ ಅವರು ಹಾಳೆಗಳನ್ನು ಸೇರಿಸಲು ಕೂತರು. ಕಾರ್ಕಳದ ಆ ಸಂಜೆಯ ಒಂದು ಫ್ರೇಮು ತೆರೆದು ನನ್ನನ್ನು ಕರೆದರು. ಅದರಲ್ಲಿ ಪ್ರತಿಯೊಂದು ನಕ್ಷತ್ರವೂ ಎರಡೆರಡಾಗಿತ್ತು. ಗಾಳಿಯಿಲ್ಲದ ಬಂಡೆಯ ಮೇಲೆ ಆ ಮೂರು ಕಾಲುಗಳನ್ನು ಏನೋ ಸವರಿಕೊಂಡು ಹೋಗಿತ್ತು, ನಮ್ಮಿಂದ ನಾಲ್ಕು ಮಾರು ದೂರದಲ್ಲಿ. ಆಮೇಲೆ ಅವರು, "ಅಲುಗಿದ್ದು ತೆಗೀಬೇಕು," ಎಂದು ಅದನ್ನು ಅಳಿಸಿಹಾಕಿದರು.

ಉಳಿದವನ್ನೆಲ್ಲ ಸೇರಿಸಿದ ಸಂಜೆ ಶೈಲಾಳನ್ನೂ ಕೂಗಿದರು. ಕರಿಯ ಪರದೆಯ ಮೇಲೆ ಮೊದಲು ಏನೂ ಇರಲಿಲ್ಲ. ಅವರು ಮೆಲ್ಲಗೆ ಬೆಳಕು ಏರಿಸುತ್ತ ಹೋದರು. ಕೆಂಪು ಎಳೆಗಳು ಒಂದೊಂದಾಗಿ ಎದ್ದವು, ಒಂದರೊಳಗೊಂದು ಸಿಕ್ಕುಬಿದ್ದವು, ಅಲ್ಲಲ್ಲಿ ಕಾರ್ಕಳದಿಂದ ತಂದ ತೆಳು ನೀಲಿ. ಪರದೆಯ ಅಂಚಿನಿಂದ ಅಂಚಿಗೆ ತುಂಬಿಕೊಂಡಿತು. "ಇಳಕಲ್ ಸೀರಿ ನೂಲು ಬಿಚ್ಚಿ ಒಗದಂಗ ಐತಿ," ಎಂದಳು ಶೈಲಾ. ನನಗೆ ಸಂತೋಷಕ್ಕಿಂತ ಮೊದಲು ಮೈ ಜುಮ್ಮೆಂದಿತು. ಇದು ಇಷ್ಟು ದಿನ ನಮ್ಮ ನೆತ್ತಿಯ ಮೇಲಿತ್ತು. ನಾವು ಅದರ ಕೆಳಗೆ ಊಟ ಮಾಡಿದ್ದೆವು, ಜಗಳವಾಡಿದ್ದೆವು, ಮಲಗಿದ್ದೆವು. ಜಲಜಕ್ಕ ಮಾತ್ರ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, "ಸಾಕು. ಇದರ ಮುಖ ನೋಡಿ ಆಯ್ತು," ಎಂದರು.

ಆಮೇಲೆ ಎರಡು ವರ್ಷ ಚೆನ್ನಾಗಿದ್ದರು. ಪ್ರತಿ ಆರು ತಿಂಗಳ ಸ್ಕ್ಯಾನಿಗೆ ಮುಂಚೆ ಒಂದು ವಾರ ಊಟ ಬಿಡುತ್ತಿದ್ದರು, ಫಲಿತಾಂಶ ಬಂದ ದಿನ ಬಂಗುಡೆ ಮೀನು ತಂದು ನಮ್ಮನ್ನೂ ಕರೆಯುತ್ತಿದ್ದರು. ನನಗೆ ಗದಗಿಗೆ ವರ್ಗವಾಯಿತು. ಹೊರಡುವ ದಿನ ಲಾರಿಯ ಹಗ್ಗಗಳನ್ನೆಲ್ಲ ತಾವೇ ಎಳೆದು ನೋಡಿದರು, ಡ್ರೈವರನಿಗೆ ಘಟ್ಟದ ತಿರುವುಗಳ ಬಗ್ಗೆ ಎಚ್ಚರಿಕೆ ಹೇಳಿದರು. ಮರುವರ್ಷ ವನಜಕ್ಕನ ಫೋನು ಬಂತು. ಗೆಡ್ಡೆ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಈ ಸಲ ತೆಗೆಯುವ ಹಾಗಿರಲಿಲ್ಲ. ಜಲಜಕ್ಕ ಕಾರ್ಕಳದಲ್ಲಿ ತಂಗಿಯ ಮನೆಗೆ ಬಂದಿದ್ದರು.

ಶೈಲಾ ಆಗ ತುಂಬು ಗರ್ಭಿಣಿ, ಪ್ರಯಾಣ ಆಗುತ್ತಿರಲಿಲ್ಲ. ನಾನೊಬ್ಬನೇ ಹೋದೆ. ಅದೇ ಕೊನೆಯ ಭೇಟಿಯಾಯಿತು. ನಾನು ಊರಿಗೆ ಮರಳಿದ ವಾರದೊಳಗೆ ಅವರು ತೀರಿಕೊಂಡರು, ಬೆಳಗಿನ ಹೊತ್ತು, ವನಜಕ್ಕ ಪಕ್ಕದಲ್ಲಿ ಎಚ್ಚರವಿದ್ದಾಗ.

ಆ ಮಧ್ಯಾಹ್ನ ಕಿಟಕಿಯ ಪಕ್ಕದ ಮಂಚದಲ್ಲಿ ಅವರು ದಿಂಬಿಗೆ ಒರಗಿ ಕೂತಿದ್ದರು. ಹೊರಗೆ ಒಳ್ಳೆಯ ಬಿಸಿಲು. ಮುಖ ಕಣ್ಣುಗಳಷ್ಟೇ ಆಗಿತ್ತು. ಬಸ್ಸಿನಲ್ಲಿ ಬರುವಾಗ ಏನೇನೋ ಧೈರ್ಯದ ಮಾತು ಜೋಡಿಸಿಕೊಂಡಿದ್ದೆ. ನೋಡಿದ ಕೂಡಲೇ ಎಲ್ಲ ಮರೆತುಹೋಯಿತು. ಮಂಚದ ಪಕ್ಕ ಹೋಗಿ ನಿಂತೆ.

"ಹೆದರಿಕೆ ಆಗ್ತದೆ ಮಾರಾಯ," ಎಂದರು. ಗುಟ್ಟು ಹೇಳಿದ ಹಾಗಲ್ಲ, ಹೊಟ್ಟೆ ಹಸಿದಿದೆ ಎಂದ ಹಾಗೆ.

"ನನಗೂ ಆಗ್ತೈತ್ರೀ ಅಕ್ಕಾರ," ಎಂದೆ.

ಅವರು ಕೈ ಚಾಚಿ ನನ್ನ ಕೈ ಹಿಡಿದರು. ಹಿಡಿದುಕೊಳ್ಳಲು ಆಸರೆ ಬೇಕಾಗಿದೆ ಎಂದುಕೊಂಡೆ. ಅವರ ಎರಡು ಬೆರಳು ನನ್ನ ಮಣಿಕಟ್ಟಿನ ಒಳಬದಿಗೆ ಸರಿದು, ನಾಡಿಯ ಮೇಲೆ ಹೋಗಿ ನಿಂತವು. ಅವರು ಗೋಡೆಯ ಗಡಿಯಾರದ ಕಡೆ ನೋಡಿದರು. ತುಟಿ ಅಲುಗುತ್ತಿತ್ತು.

"ತುಂಬ ಓಡ್ತಾ ಉಂಟು," ಎಂದರು. "ಕೂತ್ಕೋ. ವನಜಾ, ಇವನಿಗೆ ಒಂದು ಲೋಟ ನೀರು ಕೊಡು. ಮೆಲ್ಲಗೆ ಉಸಿರು ಬಿಡು. ಹಾಂ, ಹಾಗೆ."

ನಾನು ಕೂತು ನೀರು ಕುಡಿದೆ. ನನ್ನ ನಾಡಿ ಇಳಿಯುವವರೆಗೆ ಅವರು ಕೈ ಬಿಡಲಿಲ್ಲ.